ಪಕ್ಕದ ಸೀಟಿನ ಗೆರೆ

ಗ್ರಾಫಣ್ಣ ಎಂಬ ಹೆಸರು ಅಪ್ಪ ಅಮ್ಮ ಇಟ್ಟದ್ದಲ್ಲ, ಬೀದಿಯವರು ಇಟ್ಟದ್ದು. ಟೈರಿನಂಗಡಿ, ಬ್ಯಾಟರಿ ಅಂಗಡಿ, ಸೀಟ್ ಕವರ್ ಹೊಲಿಯುವವರು, ಹೀಗೆ ಕಾರಿಗೆ ಬೇಕಾದದ್ದೆಲ್ಲ ಸಿಗುವ ಆ ಬೀದಿಯ ಕೊನೆಯಲ್ಲಿ ಅವನ ಸೌಂಡ್ ಅಂಗಡಿ. ಬೇರೆ ಅಂಗಡಿಗಳಲ್ಲಿ ಸ್ಪೀಕರ್ ಕೂರಿಸಿ, ಬಾಗಿಲು ಬಡಿದು, ಒಂದು ಹಾಡನ್ನು ಕಿವಿ ಹರಿಯುವಂತೆ ಹಾಕಿ, "ಹೆಂಗಿದೆ ಸಾರ್?" ಎಂದು ಕೇಳಿ ಕಳಿಸಿಬಿಡುತ್ತಾರೆ. ಸ್ಟೀರಿಂಗ್ ನಡುಗಿದರೆ ಗಿರಾಕಿಗೂ ಖುಷಿ. ಗ್ರಾಫಣ್ಣನಿಗೆ ಅದು ಆಗಿಬರದು. ಅವನು ಗಾಡಿಯನ್ನು ಹಿಂದಿನ ಶೆಡ್ಡಿಗೆ ಹಾಕಿ, ಗಾಜು ಏರಿಸಿ, ಡ್ರೈವರ್ ಸೀಟಿನಲ್ಲಿ ಮನುಷ್ಯನ ಕಿವಿ ಇರುವ ಎತ್ತರಕ್ಕೆ ಒಂದು ಪುಟ್ಟ ಮೈಕು ನಿಲ್ಲಿಸಿ, ಅದರ ವೈರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಸ್ಪೀಕರುಗಳಿಂದ ಒಂದು ಸದ್ದು ಬಿಡುತ್ತಿದ್ದ. ಅದು ನೆಲದೊಳಗಿಂದ ಎದ್ದಂತೆ ಗುಂಯ್ಯೆಂದು ಹೊರಟು, ಏರುತ್ತ ಏರುತ್ತ, ಕೊನೆಗೆ ಸೊಳ್ಳೆಯ ದನಿಗಿಂತ ಸಣ್ಣಗಾಗಿ ಕಿವಿಗೆ ಸಿಗದೆ ಹೋಗುತ್ತದೆ. ಅಷ್ಟರಲ್ಲಿ ಪರದೆಯ ಮೇಲೆ ಒಂದು ಗೆರೆ ಮೂಡಿರುತ್ತದೆ. ಯಾವ ಸ್ವರವನ್ನು ಆ ಗಾಡಿ ಕೂಗಿ ಹೇಳುತ್ತದೆ, ಯಾವುದನ್ನು ನುಂಗಿ ಹಾಕುತ್ತದೆ ಎಂಬ ಜಾತಕವೆಲ್ಲ ಆ ಗೆರೆಯಲ್ಲಿ ಬಯಲು. ಗುಡ್ಡವಿದ್ದಲ್ಲಿ ತಗ್ಗಿಸಿ, ಹಳ್ಳವಿದ್ದಲ್ಲಿ ಎತ್ತಿ, ಗೆರೆ ಒಂದು ಹದಕ್ಕೆ ಬರುವವರೆಗೂ ಅವನು ಗಾಡಿ ಬಿಟ್ಟುಕೊಡುತ್ತಿರಲಿಲ್ಲ.

"ಅಣ್ಣಾ, ನಂಗೆ ಹಾಡು ಕೇಳಿದ್ರೆ ಸಾಕು, ಗಾಡಿಗೆ ಇಸಿಜಿ ಬೇಡ" ಎಂದು ಗಿರಾಕಿಗಳು ಗೋಗರೆಯುತ್ತಿದ್ದರು.

"ನಿನ್ನ ಕಿವಿ ನಿಂಗೆ ಬೇಕಾದ ಹಾಗೆ ಸುಳ್ಳು ಹೇಳುತ್ತೆ. ಸುಮ್ನೆ ಟೀ ಕುಡ್ಕೊಂಡು ಬಾ ಹೋಗು."

ಮೂಗಿನ ತುದಿಯಲ್ಲೇ ಕೋಪ. ಆದರೂ ಬೈಸಿಕೊಂಡು ಹೋದವರೇ ಮುಂದಿನ ಗಾಡಿಯನ್ನೂ ತಂದು ನಿಲ್ಲಿಸುತ್ತಿದ್ದರು. ಅವನ ಕೈಚಳಕ ಇದ್ದದ್ದು ಒಂದು ಸಣ್ಣ ಸಂಗತಿಯಲ್ಲಿ. ಕಾರಿನ ನಟ್ಟನಡುವೆ ಯಾರೂ ಕೂರುವುದಿಲ್ಲ. ಡ್ರೈವರಿಗೆ ಒಂದು ಬಾಗಿಲಿನ ಸ್ಪೀಕರು ಮೊಣಕಾಲಿಗೆ ತಾಗುವಷ್ಟು ಹತ್ತಿರ, ಇನ್ನೊಂದು ಅಷ್ಟು ದೂರ. ಗ್ರಾಫಣ್ಣ ಹತ್ತಿರದ್ದನ್ನು ತಗ್ಗಿಸಿ, ಅದರ ಸದ್ದು ಕೂದಲೆಳೆಯಷ್ಟು ತಡವಾಗಿ ಹೊರಡುವಂತೆ ಮಾಡಿ, ದೂರದ್ದನ್ನು ಏರಿಸುತ್ತಿದ್ದ. ಆಗ ಹಾಡುವವರು ಬಾಗಿಲಿನೊಳಗೆ ಸಿಕ್ಕಿಕೊಂಡು ಕೂಗದೆ, ಎದುರಿನ ಗಾಜಿನ ನಡುಮಧ್ಯೆ ನಿಂತು ಹಾಡಿದ ಹಾಗಾಗುತ್ತದೆ. ಕಣ್ಣು ಮುಚ್ಚಿದರೆ ಅವರ ತುಟಿ ಎಷ್ಟು ಎತ್ತರದಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದಿತ್ತು.

ಅವನದೇ ಗಾಡಿ ಹಳೆಯದು, ಚಿಕ್ಕದು, ಬಾನೆಟ್ಟಿನ ಬಣ್ಣ ಮಾಸಿತ್ತು. ಆದರೆ ಅದರೊಳಗಿನ ಸೌಂಡಿಗೆ ಇಡೀ ಬೀದಿ ತಲೆದೂಗುತ್ತಿತ್ತು. ಹೊಸದೇನಾದರೂ ಕೂರಿಸಿದಾಗಲೆಲ್ಲ ಹೆಂಡತಿಯನ್ನು ಕರೆದುಕೊಂಡು ಬಂದು ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಹಾಡು ಹಾಕಿ, ಹಾಡಿಗಿಂತ ಹೆಚ್ಚಾಗಿ ಅವಳ ಮುಖವನ್ನೇ ನೋಡುತ್ತಿದ್ದ.

"ಚೆನ್ನಾಗಿದೆ" ಎನ್ನುತ್ತಿದ್ದಳು ಅವಳು. ಮದುವೆಯಾದಾಗಿನಿಂದಲೂ ಮಾತು ಕಡಿಮೆ.

ಈಚೆಗೆ ಆ ಗಾಡಿಯ ಓಡಾಟವೆಲ್ಲ ಆಸ್ಪತ್ರೆಗೆ. ಅವಳ ಎರಡೂ ಕಿಡ್ನಿ ಕೈಕೊಟ್ಟು ಕೆಲವು ವರ್ಷಗಳಾಗಿದ್ದವು. ದಿನ ಬಿಟ್ಟು ದಿನ ಊರಾಚೆಯ ದೊಡ್ಡ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬೆಳಿಗ್ಗೆ ಹೊರಟರೆ ಅವಳನ್ನು ಮಷೀನಿಗೆ ಜೋಡಿಸಿ, ರಕ್ತವೆಲ್ಲ ಹೊರಗೆ ಹೋಗಿ ತೊಳೆಸಿಕೊಂಡು ಒಳಗೆ ಬಂದು, ಮನೆ ಸೇರುವಷ್ಟರಲ್ಲಿ ಹಗಲು ಮುಗಿದಿರುತ್ತಿತ್ತು. ನೀರನ್ನೂ ಅಳೆದು ಕುಡಿಯಬೇಕು. ಬಾಯಾರಿದರೆ ಒಂದು ಚೂರು ಐಸು ನಾಲಿಗೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂರುವಳು.

ಕೆಲವು ವಾರಗಳ ಹಿಂದೆ ಡಾಕ್ಟರಮ್ಮ ಗ್ರಾಫಣ್ಣನನ್ನು ಕೋಣೆಗೆ ಕರೆದಿದ್ದರು. ಹೃದಯ ಸೋತಿದೆ, ಮಷೀನು ಈಗ ಕೊಡುವುದಕ್ಕಿಂತ ಕಿತ್ತುಕೊಳ್ಳುವುದೇ ಹೆಚ್ಚಾಗಿದೆ ಎಂದರು. ಮುಂದುವರಿಸಿದರೆ ಕೆಲವು ತಿಂಗಳು, ನಿಲ್ಲಿಸಿದರೆ ಕೆಲವೇ ದಿನ, ಬಹಳವೆಂದರೆ ಕೆಲವು ವಾರ. ನಿಲ್ಲಿಸಿದರೂ ನೋವಾಗದಂತೆ, ಉಸಿರು ಕಟ್ಟದಂತೆ ನೋಡಿಕೊಳ್ಳುವುದಕ್ಕೆ ಔಷಧಿಯಿದೆ. "ಯಾವುದೂ ತಪ್ಪಲ್ಲ. ಅವರಿಗೇನು ಬೇಕೋ ಅವರನ್ನೇ ಕೇಳಿ" ಎಂದರು.

ಅವನು ಕೇಳಿದ. ಮನೆಗೆ ಬರುವಾಗ ಗೇರು ಬದಲಿಸುತ್ತ, "ಡಾಕ್ಟ್ರು ಕೇಳ್ತಿದ್ರು. ಮುಂದುವರಿಸೋಣ ತಾನೆ?" ಎಂದ. ಉತ್ತರವನ್ನು ತಾನೇ ಕೈಗಿಟ್ಟು ಪ್ರಶ್ನೆ ಕೇಳುವುದೆಂದರೆ ಹೀಗೆ.

"ನೀವು ಹೇಳಿದ ಹಾಗೆ" ಎಂದಳು.

ಅವಳಿಗೂ ಅದೇ ಇಷ್ಟವಂತೆ ಎಂದು ಡಾಕ್ಟರಮ್ಮನಿಗೆ ಹೋಗಿ ಹೇಳಿದ. ಹೇಳಿದ್ದೇನೋ ಹೇಳಿದ, ಒಳಗೊಳಗೆ ಹುಳ ಕೊರೆಯುತ್ತಲೇ ಇತ್ತು. ಅವಳಿಗೆ ನಿಜವಾಗಿ ಬದುಕುವ ಆಸೆ ಇದೆಯೋ ಇಲ್ಲವೋ? ಮಾತಾಡದ ಹೆಂಗಸಿನ ಒಳಗೇನಿದೆ ಎಂದು ಯಾವ ಮೈಕು ಇಟ್ಟು ನೋಡುವುದು? ಅವನ ಕಣ್ಣಿಗೆ ಬಿದ್ದ ಗುರುತು ಒಂದೇ ಒಂದು, ಅದೇ ಅವನನ್ನು ಹೆದರಿಸಿತ್ತು. ಅವಳಿಗೆ ಹಾಡು ಬೇಡವಾಗಿತ್ತು. ಗಾಡಿ ಮುಖ್ಯರಸ್ತೆಗೆ ಬಂದು ಅವನು ಹಾಡು ಹಾಕಿದರೆ ಸಾಕು, ಅವಳ ಕೈ ಮೆಲ್ಲಗೆ ಮುಂದೆ ಬಂದು ತಗ್ಗಿಸುತ್ತಿತ್ತು. ಇನ್ನೊಂದು ಸ್ವಲ್ಪ ದೂರ ಹೋದ ಮೇಲೆ, "ಬೇಡ ರೀ, ಆರಿಸಿಬಿಡಿ" ಎನ್ನುವಳು. ಅಡುಗೆಮನೆಯಲ್ಲಿ ರೇಡಿಯೋ ಜೊತೆ ಗುನುಗುತ್ತಿದ್ದವಳು! ಮೊದಲು ಹಾಡು ಬೇಡವಾಗುತ್ತದೆ, ಆಮೇಲೆ ಊಟ, ಆಮೇಲೆ ನಾವೆಲ್ಲ ಬೇಡವಾಗುತ್ತೇವೆ ಎಂದು ಗ್ರಾಫಣ್ಣ ಲೆಕ್ಕ ಹಾಕಿದ. ಬೇರೆ ಊರಲ್ಲಿರುವ ಮಗಳು ಫೋನಿನಲ್ಲಿ, "ಅಮ್ಮ ಕೈಚೆಲ್ಲಿ ಕೂತುಬಿಡ್ತಾಳೆ ಅಪ್ಪಾ, ನೀನೇ ಧೈರ್ಯ ತುಂಬಬೇಕು" ಎಂದಿದ್ದಳು.

ಧೈರ್ಯ ತುಂಬುವುದಕ್ಕೆ ಅವನಿಗೆ ಬರುತ್ತಿದ್ದ ವಿದ್ಯೆ ಒಂದೇ. ಅಂಗಡಿಯಲ್ಲಿದ್ದ ಒಂದು ಜೊತೆ ಒಳ್ಳೇ ಟ್ವೀಟರುಗಳನ್ನು, ಅಂದರೆ ಸಣ್ಣ ಸ್ವರಗಳನ್ನು ಹೇಳುವ ಗುಬ್ಬಿಮೊಟ್ಟೆಯಂಥ ಸ್ಪೀಕರುಗಳನ್ನು, ಎದುರಿನ ಗಾಜಿನ ಎರಡು ಕಂಬಗಳಿಗೂ ಕೂರಿಸಿದ. ಮತ್ತೆ ಮೈಕಿಟ್ಟ, ಮತ್ತೆ ಅಳೆದ. ಗೆರೆ ಇಸ್ತ್ರಿ ಹಾಕಿದಂತೆ ಬಂತು. ಮಾರನೆಯ ಪ್ರಯಾಣದಲ್ಲಿ ಅವಳು ಹಾಡು ಶುರುವಾಗುತ್ತಲೇ ಶಾಲನ್ನು ತಲೆಯ ಮೇಲೆಳೆದುಕೊಂಡು, ಕಿವಿ ಮುಚ್ಚುವಂತೆ ಬಿಗಿಯಾಗಿ ಸುತ್ತಿಕೊಂಡಳು. ಚಳಿಯೆಂದುಕೊಂಡು ಗ್ರಾಫಣ್ಣ ಏಸಿ ನಿಲ್ಲಿಸಿದ. ಸುಡುಬಿಸಿಲಿನಲ್ಲಿ ಗಾಜು ಏರಿಸಿಕೊಂಡು ಬೆವರು ಸುರಿಸುತ್ತ ಆಸ್ಪತ್ರೆಯವರೆಗೂ ಓಡಿಸಿದ. ತನ್ನ ತ್ಯಾಗಕ್ಕೆ ತಾನೇ ಸ್ವಲ್ಪ ಬೀಗಿದ ಕೂಡ.

ಹೀಗಿರುವಾಗ ಅಂಗಡಿಗೆ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಬಂದರು. ಗಾಡಿಗೆ ಹೊಸ ಸ್ಪೀಕರು ಬೇಕು ಎಂದರು. ಗ್ರಾಫಣ್ಣ ಕೂರಿಸಿದ, ಡ್ರೈವರ್ ಸೀಟಿನಲ್ಲಿ ಮೈಕಿಟ್ಟು ಗೆರೆ ತಿದ್ದಿ ಸರಿಮಾಡಿದ. ಮೇಷ್ಟ್ರು ಪಕ್ಕದ ಸೀಟನ್ನು ತಟ್ಟಿದರು.

"ಮೈಕು ಇಲ್ಲಿಡು ಮಾರಾಯ."

"ಅದು ಡ್ರೈವರ್ ಸೀಟಲ್ಲ ಮೇಷ್ಟ್ರೇ."

"ಡ್ರೈವರ್ ಸೀಟಲ್ಲಿ ಕೂರೋನು ದಿನಕ್ಕೊಬ್ಬ. ಎದುರಿಗೆ ಬರೋ ಬಸ್ಸೇ ಅವನಿಗೆ ಕಾಣಲ್ಲ, ಇನ್ನು ಹಾಡೆಲ್ಲಿ ಕೇಳುತ್ತೆ? ಬೆಳಗಿಂದ ಸಂಜೆ ತನಕ ಇಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡು ಕೂರೋನು ನಾನು. ನೋಡು, ನನ್ನ ಬ್ರೇಕೂ ಈ ಕಡೆಗೇ ಇದೆ. ಹಾಡೂ ಈ ಕಡೆಗೇ ಇರ್ಲಿ."

ಗ್ರಾಫಣ್ಣ ನಕ್ಕ. ಇಷ್ಟು ವರ್ಷದಲ್ಲಿ ಹೀಗೆ ಕೇಳಿದವರು ಇವರೊಬ್ಬರೇ. ಮೈಕನ್ನು ಪಕ್ಕದ ಸೀಟಿಗೆ ಸರಿಸಿ, ಮಾಡಿದ್ದ ಸೆಟ್ಟಿಂಗು ಹಾಗೇ ಇಟ್ಟುಕೊಂಡೇ ಒಮ್ಮೆ ಸದ್ದು ಬಿಟ್ಟ. ಪರದೆಯ ಮೇಲೆ ಬಂದ ಗೆರೆ ನೋಡಿ ಮೈಕೇ ಕೆಟ್ಟಿದೆ ಎಂದುಕೊಂಡ. ವೈರು ಬಿಚ್ಚಿ ಒರೆಸಿ ಮತ್ತೆ ಸಿಕ್ಕಿಸಿದ. ಮತ್ತದೇ. ಮನುಷ್ಯರ ದನಿಯಿರುವ ಜಾಗದಲ್ಲಿ ಪಾತಾಳದಂಥ ಹಳ್ಳ, ಅದನ್ನು ದಾಟಿದರೆ ಸಣ್ಣ ಸ್ವರಗಳ ಜಾಗದಲ್ಲಿ ನೆಟ್ಟಗೆ ಎದ್ದ ಬಂಡೆ.

"ಇದೇನಯ್ಯಾ, ನನ್ನ ಶಿಷ್ಯ ಗಾಡಿ ಓಡಿಸಿದ ಹಾಗಿದೆ!" ಎಂದು ಮೇಷ್ಟ್ರು ಬಗ್ಗಿ ನೋಡಿದರು. ಒಳಗೆ ಹೋಗಿ ಕೂತು ಒಂದು ಹಾಡು ಹಾಕಿಸಿಕೊಂಡರು. ಪಲ್ಲವಿ ಮುಗಿಯುವ ಮೊದಲೇ ಕಿವಿ ಉಜ್ಜಿಕೊಳ್ಳುತ್ತ ಇಳಿದರು. "ಸೂಜಿ ಚುಚ್ಚಿದ ಹಾಗಾಗ್ತಿದೆ. ಹಾಡೋಳ ದನಿ ಬಾವಿಯೊಳಗಿಂದ ಬರುತ್ತೆ, ತಾಳ ಮಾತ್ರ ಕಿವಿಯೊಳಗೇ ಬಡಿಯುತ್ತೆ. ಈ ಸೀಟಲ್ಲಿ ಯಾರಾದ್ರೂ ಕೂರೋಕಾಗುತ್ತಾ?"

ಗ್ರಾಫಣ್ಣ ಪರದೆಯ ಗೆರೆಯನ್ನೇ ಮತ್ತೆ ನೋಡಿದ. ಕಾರಣ ಹುಡುಕಬೇಕಾಗಿರಲಿಲ್ಲ, ಅವನದೇ ಕೈಕೆಲಸ. ದೂರದ ಸ್ಪೀಕರನ್ನು ಏರಿಸು, ಹತ್ತಿರದ್ದನ್ನು ತಗ್ಗಿಸು. ದೂರ ಯಾರಿಗೆ? ಡ್ರೈವರಿಗೆ. ಅದೇ ಸ್ಪೀಕರು ಪಕ್ಕದಲ್ಲಿ ಕೂತವರ ಕಿವಿಯ ಬುಡದಲ್ಲೇ ಇರುತ್ತದೆ. ಎರಡು ಬದಿಯ ಸದ್ದೂ ಒಂದಕ್ಕೊಂದು ಹೊಂದುವುದು ಅವನ ತಲೆಯಿರುವ ಜಾಗದಲ್ಲಿ ಮಾತ್ರ. ಪಕ್ಕಕ್ಕೆ ಹೋದರೆ ಒಂದನ್ನೊಂದು ತಿಂದುಹಾಕುತ್ತವೆ. ಇದು ಅವನಿಗೆ ಗೊತ್ತಿರದ ವಿದ್ಯೆಯೇನಲ್ಲ. ಗೊತ್ತಿದ್ದೂ ಅತ್ತ ಕಡೆ ಮೈಕಿಡಬೇಕು ಎಂದು ಒಂದು ದಿನವೂ ಅನ್ನಿಸಿರಲಿಲ್ಲ, ಅಷ್ಟೆ.

ಮೇಷ್ಟ್ರ ಗಾಡಿಯನ್ನು ಪಕ್ಕದ ಸೀಟಿಗೆ ಹೊಂದಿಸಿ ಕಳಿಸಿದವನೇ ತನ್ನ ಗಾಡಿಯನ್ನು ಶೆಡ್ಡಿಗೆ ತಂದ. ಪಕ್ಕದ ಸೀಟಿನಲ್ಲಿ ಮೈಕು ಎಲ್ಲಿಡುವುದು? ಅವಳು ನೆಟ್ಟಗೆ ಕೂರುವವಳಲ್ಲ, ಸೀಟು ಹಿಂದಕ್ಕೆ ಒರಗಿಸಿ ಬಾಗಿಲಿಗೆ ವಾಲಿಕೊಳ್ಳುತ್ತಾಳೆ. ಕಿಟಕಿಯ ಗಾಜಿನ ಮೇಲೆ ತಲೆಯೆಣ್ಣೆಯ ಗುರುತು ಉಳಿದಿತ್ತು. ದಿನಾ ಗಾಡಿ ಒರೆಸುವಾಗ ಅದನ್ನು ಕಂಡು ರೇಗುತ್ತಿದ್ದ. ಆ ಗುರುತಿನ ಪಕ್ಕಕ್ಕೆ ಮೈಕು ಹಿಡಿದು ಸದ್ದು ಬಿಟ್ಟ. ಮೇಷ್ಟ್ರ ಗಾಡಿಯ ಗೆರೆಯೇ ವಾಸಿ. ಅವಳಿಗೆ ಧೈರ್ಯ ತುಂಬಲೆಂದು ತಂದ ಹೊಸ ಟ್ವೀಟರು ಆ ಬಂಡೆಯನ್ನು ಇನ್ನಷ್ಟು ಎತ್ತರಿಸಿತ್ತು.

ಆಮೇಲೆ ಆ ಸೀಟಿನಲ್ಲಿ ತಾನೇ ಕೂತು, ಅವಳಂತೆಯೇ ತಲೆಯನ್ನು ಗಾಜಿಗೆ ಆನಿಸಿ, ದಿನಾ ಇಡುತ್ತಿದ್ದಷ್ಟೇ ಜೋರಾಗಿ ಅವಳಿಷ್ಟದ ಹಾಡು ಹಾಕಿದ. ಅರ್ಧವೂ ಕೇಳಲಾಗಲಿಲ್ಲ. ಸೂಜಿಯೇ. ಅದೂ ಆಸ್ಪತ್ರೆಯಲ್ಲಿ ಕೈಗೆ ದಪ್ಪ ಸೂಜಿ ಚುಚ್ಚಿಸಿಕೊಂಡು, ತಲೆ ಸಿಡಿಯುತ್ತ ಬಂದವಳಿಗೆ ದಾರಿಯುದ್ದಕ್ಕೂ ಇದು. ಶಾಲು ಚಳಿಗಲ್ಲ ಎಂಬುದು ಆಗ ಹೊಳೆಯಿತು. ಗ್ರಾಫಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುವಷ್ಟು ನಾಚಿಕೆಯಾಯಿತು. ಬೀದಿಗೆಲ್ಲ ಸೌಂಡು ಸರಿಮಾಡಿದವನು ಕಟ್ಟಿಕೊಂಡವಳನ್ನು ಇಷ್ಟು ವರ್ಷ ಕೆಟ್ಟ ಸೀಟಿನಲ್ಲಿ ಕೂರಿಸಿ, ಚೆನ್ನಾಗಿದೆಯಾ ಎಂದು ಮುಖ ನೋಡುತ್ತಿದ್ದ. ಆ ಸಂಜೆ ಕೂತು ಎಲ್ಲವನ್ನೂ ತಿರುವುಮುರುವು ಮಾಡಿದ. ಅವಳ ಬದಿಯದನ್ನು ತಗ್ಗಿಸಿ ತಡಮಾಡಿದ, ತನ್ನ ಬದಿಯದನ್ನು ಏರಿಸಿದ. ಎಣ್ಣೆಗುರುತಿನ ಪಕ್ಕದಲ್ಲಿ ಗೆರೆ ನೆಟ್ಟಗಾಗುವವರೆಗೂ ಏಳಲಿಲ್ಲ.

ಮಾರನೆಯ ಬೆಳಿಗ್ಗೆ ಮುಖ್ಯರಸ್ತೆಗೆ ಬಂದು ಹಾಡು ಹಾಕಿದ. ಅವಳ ಕೈ ರೂಢಿಯಂತೆ ಮುಂದೆ ಬಂತು. ಬಂದದ್ದು ಅರ್ಧದಲ್ಲೇ ನಿಂತಿತು.

"ಏನ್ ಮಾಡಿದ್ರಿ?"

"ಏನಿಲ್ಲ."

ಅವಳು ಶಾಲು ಇಳಿಸಿದಳು. ಎದುರಿನ ಗಾಜಿನ ನಡುವೆ ಯಾರೋ ನಿಂತಿದ್ದಾರೇನೋ ಎಂಬಂತೆ ಅಲ್ಲಿಗೇ ನೋಡುತ್ತ ಕೂತಳು. ಆ ನೋಟ ಅವನಿಗೆ ಗೊತ್ತು, ಗಿರಾಕಿಗಳ ಮುಖದಲ್ಲಿ ಎಷ್ಟೋ ಸಲ ಕಂಡಿದ್ದ. ಇವಳ ಮುಖದಲ್ಲಿ ಕಂಡದ್ದು ಇದೇ ಮೊದಲು.

"ಚೆನ್ನಾಗಿದೆ" ಎಂದಳು.

"ಹಿಂದೆನೂ ನೀನು ಹಾಗೇ ಅಂತಿದ್ದೆ."

"ಹೂಂ."

"ಅಂದ್ರೆ ನೀನು ಸುಳ್ಳು ಹೇಳ್ತಿದ್ದೆ."

ಅವಳು ಶಾಲಿನ ಅಂಚನ್ನು ಮಡಚಿದಳು, ಬಿಚ್ಚಿದಳು. "ಅಷ್ಟು ಕಷ್ಟಪಟ್ಟು ಮಾಡಿ, ಬಾಯಿ ಬಿಟ್ಕೊಂಡು ನನ್ನ ಮುಖ ನೋಡ್ತಾ ಕೂತಿರ್ತಿದ್ರಿ. ಏನಂತ ಹೇಳ್ಲಿ?"

"ಕಿವಿ ಚುಚ್ಚುತ್ತೆ ಅಂತ ಹೇಳ್ಬೇಕಿತ್ತು ಕಣೇ."

"ಒಂದ್ಸಲ ಹೇಳಿದ್ದೆ. ನಿನ್ನ ಕಿವಿ ಇನ್ನೂ ಪಳಗಿಲ್ಲ ಅಂದ್ರಿ."

ಅಂದಿದ್ದ. ಅಂದದ್ದೂ ಅಲ್ಲದೆ, ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಅದನ್ನೇ ಹೇಳಿ ನಗಿಸಿದ್ದ. ಗ್ರಾಫಣ್ಣ ಗೇರು ಬದಲಿಸಿದ. ಆಮೇಲೆ, "ಇನ್ಮೇಲೆ ಏನೇ ಇದ್ರೂ ನಿಜ ಹೇಳು. ನಾನು ಬೇಜಾರು ಮಾಡ್ಕೊಳ್ಳಲ್ಲ" ಎಂದ. ಅವನು ಹೇಳಿದ್ದು ಸೌಂಡಿನ ಬಗ್ಗೆ ಮಾತ್ರ.

ಹಾಡು ಮುಗಿಯಿತು. ಇನ್ನೊಂದು ಶುರುವಾಯಿತು.

"ಹಾಗಾದ್ರೆ ಹೇಳ್ಲಾ?"

"ಹೇಳು."

"ನಂಗೆ ಆ ಮಷೀನು ಸಾಕಾಗಿದೆ ರೀ."

ಮುಂದೆ ಪೆಟ್ರೋಲ್ ಬಂಕೊಂದು ಬಂತು. ಗಾಳಿ ಹೊಡೆಯುವ ಜಾಗದ ಪಕ್ಕ ಗಾಡಿ ನಿಲ್ಲಿಸಿದ. ಹಾಡು ಆರಿಸಿದ. ಬೇರೆ ಆಸ್ಪತ್ರೆ ನೋಡೋಣ ಎಂದ, ಬೇರೆ ಮಷೀನು ಇರುತ್ತದಂತೆ ಎಂದ, ಸೂಜಿ ಚುಚ್ಚುವ ಸಿಸ್ಟರನ್ನು ಬದಲಿಸೋಣ ಎಂದ. ಗಿರಾಕಿ ಕೈತಪ್ಪಿ ಹೋಗುವಾಗ ಹೊಸ ಹೊಸ ಡಬ್ಬಿ ತೆಗೆದು ತೋರಿಸಿದಂತೆ ಒಂದರ ಮೇಲೊಂದು ಹೇಳುತ್ತ ಹೋದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಮಷೀನಿಂದ ಎದ್ದ ಮೇಲೆ ಮೂಳೆಯೊಳಗಿಂದ ಚಳಿ ಹತ್ತುತ್ತೆ. ಮಾರನೇ ದಿನ ಪೂರ್ತಿ ಕಣ್ಣು ಬಿಡೋಕಾಗಲ್ಲ. ಸ್ವಲ್ಪ ಸರಿಹೋಯ್ತು ಅನ್ನೋಷ್ಟರಲ್ಲಿ ಮತ್ತೆ ಹೊರಡೋ ದಿನ. ಇದರಲ್ಲಿ ನಾನು ಬದುಕಿರೋದು ಯಾವಾಗ ಹೇಳಿ? ಎಷ್ಟು ದಿನ ಇರ್ತೀನೋ, ಮನೇಲಿ ಎಚ್ಚರವಾಗಿ ಇರ್ತೀನಿ."

"ಡಾಕ್ಟ್ರು ಕೇಳಿದಾಗ್ಲೇ ಹೇಳ್ಬಾರ್ದಿತ್ತಾ?"

"ಕೇಳಿದ್ದು ನೀವು. ಮುಂದುವರಿಸೋಣ ತಾನೆ ಅಂದ್ರಿ. ಬೇಡ ಅನ್ನೋಕೆ ಜಾಗ ಎಲ್ಲಿ ಬಿಟ್ರಿ?"

ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಗ್ರಾಫಣ್ಣನಿಗೆ ಒಂದು ಸಂಗತಿ ಸ್ಪಷ್ಟವಾಗಿ ಗೊತ್ತಾಯಿತು. ತಾನು ಈಗ ಸ್ವಲ್ಪ ಮುಖ ಗಂಟಿಕ್ಕಿದರೆ ಸಾಕು, ಒಂದು ನಿಟ್ಟುಸಿರು ಬಿಟ್ಟರೆ ಸಾಕು, "ಹೋಗ್ಲಿ ಬಿಡಿ, ನೀವು ಹೇಳಿದ ಹಾಗೆ" ಎಂದುಬಿಡುತ್ತಾಳೆ. ಎದ್ದು ಹೋಗಿ ಮಷೀನಿನ ಪಕ್ಕ ಮಲಗುತ್ತಾಳೆ. ಇನ್ನೂ ಕೆಲವು ತಿಂಗಳು ತನ್ನ ಪಕ್ಕದಲ್ಲಿ ಇರುತ್ತಾಳೆ. ಎಷ್ಟು ಸುಲಭ! ಆ ಗಂಟಿಕ್ಕಿದ ಮುಖ ಅವನ ಹಣೆಯ ಹಿಂದೆಯೇ ಬಂದು ನಿಂತಿತ್ತು. ಬಂಕಿನವನು ಬಂದು, "ಗಾಳಿ ಬೇಕಾ ಸಾರ್?" ಎಂದು ಕೇಳಿದ. ಬೇಡವೆಂದು ಕೈಯಾಡಿಸಿದ.

"ಹಾಗಾದ್ರೆ ಇವತ್ತು ವಾಪಸ್ ಹೋಗೋಣ್ವಾ?" ಎಂದ.

"ಛೇ, ಇವತ್ತು ಹೋಗೋಣ. ಸಿಸ್ಟರ್ ಪಾಪ ಹಾಸಿಗೆ ಹಾಸ್ಕೊಂಡು ಕಾಯ್ತಿರ್ತಾಳೆ. ಹೇಳದೆ ಕೇಳದೆ ಬಿಟ್ರೆ ಏನಂದ್ಕೊಳ್ತಾಳೆ?"

ಡಾಕ್ಟರಮ್ಮ ರೂಢಿಯಂತೆ ಗ್ರಾಫಣ್ಣನ ಕಡೆಗೇ ತಿರುಗಿ, "ಹೇಗಿದ್ದಾರೆ?" ಎಂದರು. ಅವನ ಬಾಯಿ ತಾನಾಗಿ ತೆರೆಯಿತು. ಮುಚ್ಚಿಕೊಂಡ. "ಅವಳನ್ನೇ ಕೇಳಿ" ಎಂದು ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟು ಅವಳ ಮುಂದೆ ಬಂದು ಕೂತರು. ಅವಳು ಹೇಳಿದಳು, ತಡೆದು ತಡೆದು, ಆದರೆ ಎಲ್ಲವನ್ನೂ ಹೇಳಿದಳು. ರಾತ್ರಿ ಉಸಿರು ಸಿಗದೆ ದಿಂಬಿಗೊರಗಿ ಕೂತಿರುವುದು, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ವಾಂತಿ ಮಾಡುವುದು, ಹೊರಡುವ ದಿನದ ಹಿಂದಿನ ಸಂಜೆಯಿಂದಲೇ ಸೂಜಿಯ ಭಯ. ನಲ್ಲಿಯ ಸದ್ದನ್ನು ಗ್ರಾಫಣ್ಣ ದಿನಾ ಕೇಳಿದ್ದ, ನೀರು ವ್ಯರ್ಥ ಮಾಡುತ್ತಾಳೆಂದು ಗೊಣಗಿಯೂ ಇದ್ದ. ಅಷ್ಟು ಹೊತ್ತೂ ಅವನು ಅಡ್ಡ ಬಾಯಿ ಹಾಕದೆ ಕೂತಿದ್ದ. ಬದುಕಿನಲ್ಲಿ ಇಷ್ಟು ಕಷ್ಟದ ಕೆಲಸವನ್ನು ಅವನು ಮಾಡಿರಲಿಲ್ಲ.

ಡಾಕ್ಟರಮ್ಮ ಅವಳ ಕೈ ಹಿಡಿದು, ಆಗಲಿ ಎಂದರು. ಮನೆಗೆ ಬಂದು ನೋಡಿಕೊಳ್ಳುವವರ ವ್ಯವಸ್ಥೆ ಮಾಡುತ್ತೇವೆ, ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬನ್ನಿ ಎಂದರು. ಸಿಸ್ಟರ್ ಹಾಸಿದ್ದ ಹಾಸಿಗೆಯ ಮೇಲೆ ಅವಳು ಸುಮ್ಮನೆ ಸ್ವಲ್ಪ ಹೊತ್ತು ಕೂತು, ಆ ಹುಡುಗಿಯ ಕೆನ್ನೆ ಸವರಿ ಎದ್ದಳು.

ಹೊರಗಿನ ವರಾಂಡದಿಂದ ಗ್ರಾಫಣ್ಣ ಮಗಳಿಗೆ ಫೋನ್ ಮಾಡಿದ. ಅವಳು ಅಳುತ್ತ, "ಅಪ್ಪಾ, ನೀನ್ಯಾಕೆ ಅಮ್ಮನ್ನ ಕೇಳೋಕೆ ಹೋದೆ?" ಎಂದಳು. ಮೊದಲೇ ಕೇಳಬೇಕಿತ್ತು ಎಂಬುದೊಂದೇ ಅವನಿಗೆ ಗೊತ್ತಿದ್ದದ್ದು. ಅದನ್ನು ಮಗಳಿಗೆ ಹೇಗೆ ಹೇಳುವುದು? "ಹೊರಟು ಬಾ ಮಗಳೇ" ಎಂದಷ್ಟೇ ಹೇಳಿ ಫೋನಿಟ್ಟ.

ವಾಪಸು ಬರುವಾಗ ಇನ್ನೂ ಮಧ್ಯಾಹ್ನವಾಗಿರಲಿಲ್ಲ. ಆ ಹೊತ್ತಿನಲ್ಲಿ ಆ ರಸ್ತೆಯನ್ನು ಅವರಿಬ್ಬರೂ ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಸ್ಕೂಲಿನ ಮುಂದೆ ಮಕ್ಕಳು ಓಡಾಡುತ್ತಿದ್ದರು, ಯಾರೋ ಬಾಲ್ಕನಿಯಲ್ಲಿ ಬಟ್ಟೆ ಒಣಗಹಾಕುತ್ತಿದ್ದರು. ಅವಳು ಎಲ್ಲವನ್ನೂ ನೋಡುತ್ತ, "ಹಾಡು ಹಾಕ್ರೀ" ಎಂದಳು.

ಹಾಕಿದ. ಸೆಟ್ಟಿಂಗು ಪೂರ್ತಿ ಅವಳ ಕಡೆಗಿತ್ತಲ್ಲ, ಅವನ ಕಿವಿಯ ಪಕ್ಕದ ಕಂಬದಿಂದ ಟ್ವೀಟರು ಸೂಜಿಯಂತೆ ಚುಚ್ಚಿತು. ಹಾಡುವವಳ ದನಿ ಎಲ್ಲೋ ಬಾವಿಯೊಳಗೆ ಬಿದ್ದಿತ್ತು.

"ಇನ್ನೂ ಸ್ವಲ್ಪ ಜೋರಾಗಿ ಇಡ್ತೀರಾ?"

ಇಟ್ಟ. ಅವಳು ಗಾಜಿಗೆ ತಲೆಯಾನಿಸಿ, ತುಟಿಯಲ್ಲೇ ಹಾಡಿನ ಜೊತೆ ಹೋಗುತ್ತಿದ್ದಳು. ಎದುರಿನ ರಸ್ತೆ ಅವನ ಕಣ್ಣಿಗೆ ಕಲಸಿಹೋಯಿತು. ತೋಳಿನಿಂದ ಒರೆಸಿಕೊಂಡ. ಮತ್ತೆ ಕಲಸಿಹೋಯಿತು.

"ಅಳ್ತಿದ್ದೀರಾ?"

"ಹೂಂ."

ಅವಳು ಗೇರಿನ ಮೇಲಿದ್ದ ಅವನ ಕೈಯ ಮೇಲೆ, ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ತನ್ನ ಕೈಯಿಟ್ಟಳು.

"ಅಳಿ" ಎಂದಳು. "ರಸ್ತೆ ನೋಡ್ಕೊಂಡು ಅಳಿ."